ಸಾಕುನಾಯಿಯ ಮೈಭಾರ: ಹೊಣೆ ಯಾರದು?

ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಕೆಲವು ತಿಂಗಳುಗಳಲ್ಲಿ ಮನೆಯ ಹೆಣ್ಣುನಾಯಿಯ ಸೊಂಟ ಮಾಯವಾಗಿ ಬೆನ್ನು ಮಣೆಯಂತೆ ಅಗಲವಾಯಿತೆಂದು ಹೇಳುವವರು ಅನೇಕರು. “ಆಪರೇಷನ್ ಮಾಡಿಸಿದರೆ ನಾಯಿ ದಪ್ಪವಾಗುತ್ತದೆ” ಎಂಬ ಅಂಜಿಕೆಯಿಂದ ಅದನ್ನು ಮುಂದೂಡುವವರೂ ಉಂಟು. ಈ ಮಾತಿನಲ್ಲಿ ಸತ್ಯವಿರುವುದು ಅರ್ಧ ಮಾತ್ರ.

ಅಂಡಾಶಯಗಳನ್ನು ತೆಗೆದ ಮೇಲೆ ಹಸಿವನ್ನು ಹಿಡಿತದಲ್ಲಿಡಲು ನೆರವಾಗುತ್ತಿದ್ದ ಹಾರ್ಮೋನುಗಳು ಇಳಿಯುತ್ತವೆ. ಹಸಿವು ಹೆಚ್ಚುತ್ತದೆ, ಆದರೆ ದೇಹಕ್ಕೆ ಬೇಕಾಗುವ ಶಕ್ತಿಯು ಸುಮಾರು ಶೇಕಡಾ 20ರಿಂದ 30ರಷ್ಟು ತಗ್ಗುತ್ತದೆ. ಹೀಗಿರುವಾಗ ತಟ್ಟೆಯು ಹಿಂದಿನಂತೆಯೇ ತುಂಬುತ್ತಿದ್ದರೆ ಮಿಕ್ಕದ್ದೆಲ್ಲ ಕೊಬ್ಬಾಗಿ ಕೂಡುವುದು ಸಹಜ. ಗರ್ಭಕೋಶದಲ್ಲಿ ಕೀವು ತುಂಬುವಂತಹ ಪ್ರಾಣಾಂತಿಕ ಕಾಯಿಲೆಯಿಂದ ಕಾಪಾಡುವ ಚಿಕಿತ್ಸೆಯನ್ನು ದೂರುವುದಕ್ಕಿಂತ ತಟ್ಟೆಯತ್ತ ಗಮನ ಹರಿಸುವುದು ಲೇಸು.

ಮೈ ತುಂಬಿಕೊಂಡ ನಾಯಿ ನೋಟಕ್ಕೆ ಮುದ್ದು. ಆದರೆ ಆ ಭಾರವನ್ನು ಹೊರುವುದು ಅದರ ಕೀಲುಗಳು. ಬೇಸಿಗೆಯಲ್ಲಿ ಏದುಸಿರು ಬಿಡುವುದೂ ಅದೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೊಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವಮಾನವಿಡೀ ನೀಡಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿತವಾಗಿ ಉಂಡವು ಸುಮಾರು 1.8 ವರ್ಷ ಹೆಚ್ಚು ಬದುಕಿದವು; ಕೀಲುನೋವು ಕೂಡ ಅವಕ್ಕೆ ತಡವಾಗಿ ಬಂದಿತು. ನಾಯಿಯ ಅಲ್ಪ ಆಯುಸ್ಸಿನಲ್ಲಿ ಇದು ಸಣ್ಣ ಲಾಭವಲ್ಲ.

ಹಾಗಾದರೆ ಮಾಡಬೇಕಾದುದೇನು? ಗಾಯ ಮಾಯ್ದು ಹೊಲಿಗೆ ಬಿಚ್ಚಿದ ನಂತರ ಪಶುವೈದ್ಯರನ್ನು ಕೇಳಿ ಆಹಾರದಲ್ಲಿ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗೆ ಇಳಿಸಬೇಕು. ದಿನಕ್ಕೆ 300 ಗ್ರಾಂ ಒಣ ಆಹಾರ ತಿನ್ನುತ್ತಿದ್ದ ನಾಯಿಗೆ 225ರಿಂದ 240 ಗ್ರಾಂ ಸಾಕಾದೀತು. ಇನ್ನೂ ಬೆಳೆಯುತ್ತಿರುವ ಮರಿಯಾದರೆ ಅಳತೆಯನ್ನು ವೈದ್ಯರೇ ಗೊತ್ತುಮಾಡಲಿ. ಹದಿನೈದು ದಿನಕ್ಕೊಮ್ಮೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕದಲ್ಲಿ ನಿಮ್ಮ ತೂಕವನ್ನು ಕಳೆದು ಬರೆದಿಡಿ. ಎತ್ತಲಾಗದ ನಾಯಿಗೆ ಪಕ್ಕೆಲುಬಿನ ಪರೀಕ್ಷೆಯುಂಟು: ಅಂಗೈ ಚಾಚಿ ಅದರ ಹಿಂಬದಿಯ ಎಲುಬುಗಳನ್ನು ಸವರಿ ನೋಡಿ, ಪಕ್ಕೆಲುಬುಗಳು ಅಷ್ಟೇ ಸುಲಭವಾಗಿ ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ ಕೊಬ್ಬು ಮೀರಿದೆ.

ತೂಕವನ್ನು ಇಳಿಸಬೇಕಾದರೆ ಅವಸರ ಸಲ್ಲದು. ವಾರಕ್ಕೆ ಮೈತೂಕದ ಶೇಕಡಾ 1ರಿಂದ 2 ಇಳಿದರೆ ಹಿತ. 30 ಕಿಲೋ ತೂಗುವ ನಾಯಿಗೆ ಅದು 300ರಿಂದ 600 ಗ್ರಾಂ. ಅಳತೆ ಪಾಲಿಸಿದರೂ ಇಳಿಯದಿದ್ದರೆ ಥೈರಾಯ್ಡ್ ದೋಷವಿದೆಯೇ ಎಂದು ಪರೀಕ್ಷಿಸಬೇಕು.

ನಮ್ಮ ಮನೆಗಳಲ್ಲಿ ನಿಜವಾದ ತೊಡಕು ಬೇರೆಡೆಯಿದೆ. ಬೆಳಿಗ್ಗೆ ಯಜಮಾನರು ಹಾಲು ಹಾಕುತ್ತಾರೆ, ಮಧ್ಯಾಹ್ನ ಅಜ್ಜಿ ತುಪ್ಪ ಸವರಿದ ರೊಟ್ಟಿಯ ತುಂಡು ಕೊಡುತ್ತಾರೆ, ಸಂಜೆ ಮಕ್ಕಳು ಬಿಸ್ಕತ್ತು ಎಸೆಯುತ್ತಾರೆ. ತಾವು ಕೊಟ್ಟದ್ದು ಸ್ವಲ್ಪವೇ ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ. ಕೂಡಿ ಲೆಕ್ಕ ಹಾಕುವವರು ಯಾರೂ ಇಲ್ಲ. ಇದಕ್ಕೊಂದು ಸರಳೋಪಾಯವಿದೆ. ದಿನದ ಪಾಲನ್ನು ಬೆಳಿಗ್ಗೆಯೇ ಅಳೆದು ಒಂದು ಡಬ್ಬಿಯಲ್ಲಿಡಿ. ಯಾರು ಏನು ಕೊಟ್ಟರೂ ಅದರಿಂದಲೇ ತೆಗೆಯಲಿ. ಡಬ್ಬಿ ಬರಿದಾದರೆ ದಿನದ ಊಟ ಮುಗಿಯಿತು. ನಾಯಿ ಮತ್ತೂ ಬೇಡಿದರೆ ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ ಅಥವಾ ಒಂದೆರಡು ಹೋಳು ಸೌತೆಕಾಯಿ ಕೊಡಬಹುದು. ಈರುಳ್ಳಿ ಬಿದ್ದ ಪಲ್ಯವನ್ನೂ ಒಣದ್ರಾಕ್ಷಿಯ ಪಾಯಸವನ್ನೂ ಹಾಕಲೇಬಾರದು. ಇವೆರಡೂ ನಾಯಿಗೆ ವಿಷ.

ಇದರೊಡನೆ ದಿನಕ್ಕೆರಡು ಬಾರಿಯ ನಡಿಗೆ ಇರಲಿ. ಬಾಲವಾಡಿಸುತ್ತ ಮುಖ ನೋಡುವ ಮೂಕಜೀವಿಗೆ ಇಲ್ಲವೆನ್ನುವುದು ಕಷ್ಟ, ಒಪ್ಪತಕ್ಕ ಮಾತೇ. ಆದರೆ ಸಾಕಷ್ಟಾಯಿತೆಂದು ಅದು ತಾನಾಗಿ ಹೇಳಲಾರದು. ಆ ಮಾತನ್ನು ಅದರ ಪರವಾಗಿ ಹೇಳಬೇಕಾದವರು ಮನೆಯವರೇ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿ ಬಂದ ಸಂಜೆಯೇ ಅಳತೆಯ ಲೋಟವೊಂದನ್ನು ನಾಯಿಯ ಪಾಲಿಗೆಂದು ತೆಗೆದಿಡಿ.