ಓಟು ಹಾಕಲಿಲ್ಲ ಎಂದು ಹೆಸರು ಹೊಡೆದುಹಾಕುವುದೇ?

ಅಮೆರಿಕದ ಓಹಾಯೊ ರಾಜ್ಯದಲ್ಲಿ ನೌಕಾಪಡೆಯ ಮಾಜಿ ಯೋಧರೊಬ್ಬರು 2012ರ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯೂ ಹಿಡಿಸದೆ ಮನೆಯಲ್ಲೇ ಉಳಿದರು; ಅದರ ಹಿಂದುಮುಂದಿನ ಚುನಾವಣೆಗಳಲ್ಲೂ ಓಟು ಹಾಕಿರಲಿಲ್ಲ. 2015ರಲ್ಲಿ ಮತಗಟ್ಟೆಗೆ ಹೋದರೆ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಮನೆ ಬದಲಾಗಿರಲಿಲ್ಲ, ವಿಳಾಸ ಅದೇ.

ಅಲ್ಲಿನ ನಿಯಮ ಹೀಗಿತ್ತು: ಎರಡು ವರ್ಷ ಓಟು ಹಾಕದಿದ್ದರೆ ಅಂಚೆಯಲ್ಲಿ ಒಂದು ಕಾರ್ಡು. ಅದಕ್ಕೆ ಉತ್ತರಿಸದೆ ಮತ್ತೆ ನಾಲ್ಕು ವರ್ಷ ಓಟೂ ಹಾಕದಿದ್ದರೆ ಹೆಸರು ರದ್ದು. ಓಟು ಹಾಕದ ಕಾರಣಕ್ಕೆ ಹೆಸರು ತೆಗೆಯಕೂಡದೆಂದು 1993ರ ಕೇಂದ್ರ ಕಾನೂನು ಹೇಳುತ್ತಿದ್ದರೂ, 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಓಹಾಯೊದ ನಿಯಮವನ್ನು ಎತ್ತಿಹಿಡಿಯಿತು. ಓಟು ಹಾಕದ್ದೊಂದೇ ಕಾರಣವಲ್ಲ, ಕಾರ್ಡಿಗೆ ಉತ್ತರ ಬಾರದ್ದೂ ಸೇರಿದೆ ಎಂಬುದು ಅದರ ವಾದ. ಆದರೆ ಆ ಕಾರ್ಡು ಬಂದದ್ದೇ ಓಟು ಹಾಕದ್ದಕ್ಕಲ್ಲವೇ?

ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಲೆಕ್ಕವನ್ನೇ ಮುಂದಿಟ್ಟರು. 2012ರಲ್ಲಿ ಓಹಾಯೊ ಸುಮಾರು 15 ಲಕ್ಷ ಕಾರ್ಡು ಕಳಿಸಿತ್ತು. ಮನೆ ಬದಲಿಸಿದ್ದೇವೆ ಎಂದವರು ಸುಮಾರು 60,000. ಇಲ್ಲೇ ಇದ್ದೇವೆ ಎಂದವರು ಸುಮಾರು 2.35 ಲಕ್ಷ. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸುಮ್ಮನಿದ್ದರು. ನನ್ನ ಮೇಜಿನ ಮೇಲೂ ಬಿಚ್ಚದ ಲಕೋಟೆಗಳ ರಾಶಿಯಿದೆ, ಹಾಗೆಂದು ನಾನು ಊರು ಬಿಟ್ಟಿಲ್ಲ. ಓಟು ಹಾಕದಿರಲೂ ಕಾರಣಗಳಿವೆ: ಅಮೆರಿಕದಲ್ಲಿ ಮತದಾನ ಮಂಗಳವಾರ, ದೇಶವ್ಯಾಪಿ ರಜೆಯಿಲ್ಲ. ದಿನಗೂಲಿಯವನು ಕೆಲಸ ಬಿಟ್ಟು ಸಾಲಿನಲ್ಲಿ ನಿಲ್ಲದಿದ್ದರೆ ಅದನ್ನು ಉದಾಸೀನವೆನ್ನಲು ನನಗೆ ಮನಸ್ಸಿಲ್ಲ.

ಸತ್ತವರ, ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿಯಬಾರದು, ಸರಿ. ಅದಕ್ಕೆ ಮರಣ ದಾಖಲೆಯಿದೆ, ಅಂಚೆ ಇಲಾಖೆಯ ವಿಳಾಸ ಬದಲಾವಣೆಯ ದಾಖಲೆಯಿದೆ. ನಮ್ಮ 1950ರ ಪ್ರಜಾಪ್ರತಿನಿಧಿ ಕಾಯ್ದೆಯೂ ಹೆಸರು ತೆಗೆಯಲು ಮರಣ, ವಾಸ ಬದಲಾವಣೆಯಂಥ ಕಾರಣಗಳನ್ನು ಕೇಳುತ್ತದೆಯೇ ಹೊರತು ಓಟು ಹಾಕಿದಿರಾ ಎಂದು ಕೇಳುವುದಿಲ್ಲ. ಪುಣ್ಯ! 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಮತದಾನ ಶೇ. 54ರ ಆಸುಪಾಸು. ಓಹಾಯೊದ ಕತ್ತರಿ ಇಲ್ಲಿಗೆ ಬಂದರೆ ಎಷ್ಟೋ ಬಡಾವಣೆಗಳ ಪಟ್ಟಿ ಬೋಳಾದೀತು.

ಹೆಸರು ತೆಗೆಯುವವರೇ ಪುರಾವೆ ತರಬೇಕು. ಇದ್ದೇನೆಂದು ಆಗಾಗ ಸಾಬೀತುಪಡಿಸುವ ಹೊಣೆ ಮತದಾರನದಲ್ಲ. 2019ರಲ್ಲಿ ಓಹಾಯೊ ತಾನು ಅಳಿಸಲಿದ್ದ ಹೆಸರುಗಳನ್ನು ಮೊದಲೇ ಸಂಘಸಂಸ್ಥೆಗಳ ಕೈಗೆ ಕೊಟ್ಟಿತು. ತಾಳೆ ನೋಡಿದಾಗ ಐದರಲ್ಲಿ ಒಂದರಷ್ಟು ಹೆಸರು ಆ ಅಳಿಸುವ ಪಟ್ಟಿಯಲ್ಲಿ ಇರಬಾರದ್ದೇ ಆಗಿತ್ತು. ಅದರಲ್ಲಿ ಲೀಗ್ ಆಫ್ ವಿಮೆನ್ ವೋಟರ್ಸ್ ಎಂಬ ಮತದಾರರ ಸಂಘಟನೆಯ ರಾಜ್ಯ ನಿರ್ದೇಶಕಿಯ ಹೆಸರೂ ಇತ್ತು. ಹಿಂದಿನ ಒಂದೇ ವರ್ಷದಲ್ಲಿ ಆಕೆ ಮೂರು ಸಲ ಓಟು ಹಾಕಿದ್ದರು.