ತುಂಬಿದ್ದೆಷ್ಟು ಅಂತ ಕೇಳಬೇಡಿ, ಹೊರಗೆ ಬಂದಿದ್ದೆಷ್ಟು ಅಂತ ಕೇಳಿ

1/3
ಬಜಾಜ್ 2024ರಲ್ಲಿ ತಂದ ಸಿಎನ್‌ಜಿ ಬೈಕ್ ಫ್ರೀಡಮ್ 125 ನೋಡಿದ್ದೀರಲ್ಲಾ? ಅದರ ಸೀಟಿನ ಕೆಳಗಿರೋ ಸಿಲಿಂಡರ್ ಹಿಡಿಯೋದು 2 ಕೆ.ಜಿ. ಗ್ಯಾಸ್. ಖಾಲಿ ಸಿಲಿಂಡರಿನ ತೂಕವೇ 16 ಕೆ.ಜಿ.! ಎರಡು ಕೆ.ಜಿ. ಅಕ್ಕಿ ತರೋಕೆ ಹದಿನಾರು ಕೆ.ಜಿ. ಡಬ್ಬ ಹೊತ್ಕೊಂಡು ಅಂಗಡಿಗೆ ಹೋದ ಹಾಗೆ.

ಯಾಕೆ ಹೀಗೆ? ಅಡುಗೆಮನೆಯ ಎಲ್‌ಪಿಜಿಯನ್ನು ಸ್ವಲ್ಪ ಒತ್ತಿದರೆ ಸಾಕು, ದ್ರವ ಆಗುತ್ತೆ. ಸಿಎನ್‌ಜಿಯಲ್ಲಿ ಬಹುಪಾಲು ಇರೋದು ಮೀಥೇನ್. ಮೈನಸ್ 82 ಡಿಗ್ರಿಗಿಂತ ಬೆಚ್ಚಗಿದ್ದರೆ ಎಷ್ಟೇ ಒತ್ತಿದರೂ ಅದು ದ್ರವ ಆಗಲ್ಲ. ಹಾಗಾಗಿ ಅದನ್ನು 200 ಬಾರ್‌ವರೆಗೆ ಅದುಮಿ ಇಡ್ತಾರೆ. ನಿಮ್ಮ ಕಾರಿನ ಟೈರಲ್ಲಿರೋದು ಸುಮಾರು 2 ಬಾರ್, ನೆನಪಿರಲಿ. ಇಷ್ಟು ಒತ್ತಡ ತಡೆಯೋಕೆ ದಪ್ಪ ಗೋಡೆ ಬೇಕು, ದುಂಡನೆ ಆಕಾರ ಬೇಕು. ಕಾರಿನ ಡಿಕ್ಕಿ ಮಾಯ ಆಗೋದು ಇಲ್ಲೇ.

2/3
ಇದಕ್ಕೆ ರಸಾಯನಶಾಸ್ತ್ರ ಒಂದು ಚಂದದ ಉತ್ತರ ಕೊಟ್ಟಿದೆ. ಖಾಲಿ ಹಾಲ್‌ನಲ್ಲಿ ಮಕ್ಕಳನ್ನು ಬಿಟ್ಟರೆ ಓಡಾಡ್ತಾರೆ, ಗೋಡೆಗೆ ಗುದ್ದುತ್ತಾರೆ. ಬೆಂಚು ಹಾಕಿದರೆ ಕೂತ್ಕೊಳ್ತಾರೆ, ಅದೇ ಹಾಲ್‌ನಲ್ಲಿ ಇನ್ನೂ ಹೆಚ್ಚು ಮಕ್ಕಳು ಹಿಡಿಸ್ತಾರೆ. ಟ್ಯಾಂಕಿನೊಳಗೆ ಸಣ್ಣ ಸಣ್ಣ ರಂಧ್ರಗಳಿರೋ ವಸ್ತು ತುಂಬಿದರೂ ಹಾಗೇ. ಮೀಥೇನ್ ಅಣುಗಳು ರಂಧ್ರದ ಗೋಡೆಗೆ ಅಂಟಿ ಕೂರುತ್ತವೆ. ಇದೇ ಅಡ್ಸಾರ್ಪ್ಶನ್. 200 ಬಾರ್ ಬದಲು 35ರಿಂದ 65 ಬಾರ್ ಸಾಕು.

2007ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಮೆಕ್ಕೆಜೋಳದ ದಿಂಡಿನಿಂದ ಇಂಥ ಇಂಗಾಲ ಮಾಡಿ ಪಿಕಪ್ ವಾಹನದಲ್ಲಿ ಪರೀಕ್ಷೆ ಮಾಡಿದ್ದರು. ಇನ್ನೊಂದು ದಾರಿ, ಲೋಹ ಮತ್ತು ಸಾವಯವ ಕೊಂಡಿಗಳಿಂದ ಕಟ್ಟಿದ ಜಾಲರಿ, ಅಂದರೆ ಎಂಒಎಫ್. 2025ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಸುಸುಮು ಕಿತಗಾವಾ 1997ರಲ್ಲೇ ಇಂಥ ಜಾಲರಿ ಮೀಥೇನ್ ಹೀರಿ ಮತ್ತೆ ಬಿಡುತ್ತೆ ಅಂತ ತೋರಿಸಿದ್ದರು.

ನೊಬೆಲ್ ಬಂದ ಮೇಲೆ ಎಲ್ಲ ರೀಲ್ಸಲ್ಲೂ ಒಂದೇ ಡೈಲಾಗ್: "ಒಂದು ಗ್ರಾಂ ಪುಡಿಯೊಳಗೆ ಫುಟ್‌ಬಾಲ್ ಮೈದಾನ!" ಸುಳ್ಳಲ್ಲ. ಆದರೆ ವಾಹನದ ವಿಷಯಕ್ಕೆ ಬಂದರೆ ಈ ಮಾತು ನಮ್ಮ ದಾರಿ ತಪ್ಪಿಸುತ್ತೆ ಅನ್ನೋದು ನನ್ನ ಅಭಿಪ್ರಾಯ. ಗಾಡಿಯಲ್ಲಿ ಮೊದಲು ಕೊರತೆ ಆಗೋದು ಜಾಗ. ಹಾಗಾಗಿ ಗ್ರಾಂ ಲೆಕ್ಕ ಬಿಟ್ಟು ಲೀಟರ್ ಲೆಕ್ಕ ಕೇಳಬೇಕು. ಎಚ್‌ಕೆಯುಎಸ್‌ಟಿ-1 ಅನ್ನೋ ತಾಮ್ರದ ಎಂಒಎಫ್‌ನ ಒಂದು ಗ್ರಾಂನಲ್ಲಿ ಇರೋದು ಸುಮಾರು 1,800 ಚದರ ಮೀಟರ್, ಮೈದಾನದ ಕಾಲು ಭಾಗ. ಆದರೂ ಮೀಥೇನ್ ಹಿಡಿಯೋದರಲ್ಲಿ ಅದು ಮುಂಚೂಣಿಯಲ್ಲಿದೆ.

ಅದರ ಲೆಕ್ಕವನ್ನೇ ನೋಡಿ. 65 ಬಾರ್‌ನಲ್ಲಿ ಒಂದು ಲೀಟರ್ ಜಾಗಕ್ಕೆ 267 ಲೀಟರ್ ಮೀಥೇನ್. 250 ಬಾರ್‌ನ ಸಿಲಿಂಡರ್ ಹಿಡಿಯೋದೂ ಸುಮಾರು ಅಷ್ಟೇ, 263. ಸೂಪರ್ ಅಲ್ವಾ? ತಡೀರಿ. ಎಂಜಿನ್‌ಗೆ ಗ್ಯಾಸ್ ತಳ್ಳೋಕೆ ಟ್ಯಾಂಕಲ್ಲಿ ಸುಮಾರು 5 ಬಾರ್ ಉಳಿದಿರಲೇಬೇಕು. ಆ ಹೊತ್ತಿಗೂ ಗೋಡೆಗೆ ಅಂಟಿದ ಅಣುಗಳು ಎದ್ದು ಬರಲ್ಲ. ಕೈಗೆ ಸಿಗೋದು ಸುಮಾರು 190. ಅದೂ ಒಂದೇ ಒಂದು ಪರಿಪೂರ್ಣ ಹರಳಿನ ಲೆಕ್ಕ. ಪುಡಿ ಸುರಿದರೆ ಕಾಳುಗಳ ನಡುವಿನ ಸಂದಿ ವ್ಯರ್ಥ. 2018ರಲ್ಲಿ ಕೇಂಬ್ರಿಜ್‌ನ ತಂಡ ಅದನ್ನು ಸಂದಿಯಿಲ್ಲದ ಗಟ್ಟಿಯಾಗಿ ಮಾಡಿ 259 ಮುಟ್ಟಿತು. ನನ್ನ ಪ್ರಕಾರ ದೊಡ್ಡ ಕೆಲಸ ಇದು. ರೀಲ್ ಆಗಲಿಲ್ಲ ಅಷ್ಟೇ.

3/3
ಇನ್ನೂ ಎರಡು ತಲೆನೋವು ಇವೆ. ಒಂದು, ಅಣು ಅಂಟಿದಾಗ ಬಿಸಿ ಹುಟ್ಟುತ್ತೆ, ಬಿಸಿಯಾದ ವಸ್ತು ಕಡಿಮೆ ಹಿಡಿಯುತ್ತೆ. ಬಂಕಿನಲ್ಲಿ ಐದು ನಿಮಿಷಕ್ಕೆ ತುಂಬಿಸೋದು ಕಷ್ಟ. ಎರಡು, ಪೈಪ್‌ಲೈನ್ ಗ್ಯಾಸಿನಲ್ಲಿರೋ ಬ್ಯುಟೇನ್‌ನಂಥ ಭಾರದ ಅಣುಗಳು, ವಾಸನೆಗೆ ಬೆರೆಸೋ ಗಂಧಕದ ಸಂಯುಕ್ತಗಳು ರಂಧ್ರದಲ್ಲೇ ಬೀಡುಬಿಟ್ಟು ಸಾಮರ್ಥ್ಯ ಕುಗ್ಗಿಸ್ತಾ ಹೋಗ್ತವೆ.

ಹಾಗಾದರೆ ಇದನ್ನು ಬಿಟ್ಟುಬಿಡೋಣವಾ? ಬೇಡ, ಜಾಗ ಬದಲಾಯಿಸೋಣ. ಬೆಂಗಳೂರಿನ ಕಾರು, ಆಟೋಗಳ ರೇಸಿನಲ್ಲಿ ಬ್ಯಾಟರಿ ಮುಂದೆ ಹೋಗ್ತಿದೆ, ಅಲ್ಲಿ ಇದು ಗೆಲ್ಲಲ್ಲ. ಆದರೆ ಹಳ್ಳಿಯಲ್ಲಿ ಗೋಬರ್ ಗ್ಯಾಸ್ ಇರೋ ಒಂದು ಮನೆ, ಒಂದು ಟ್ರ್ಯಾಕ್ಟರ್ ಯೋಚಿಸಿ. ರಾತ್ರಿಯಿಡೀ ನಿಧಾನಕ್ಕೆ ತುಂಬಿಸಬಹುದು, ಬಿಸಿಯ ಸಮಸ್ಯೆ ಬಹುಪಾಲು ಕಮ್ಮಿ. ಗೋಬರ್ ಗ್ಯಾಸಲ್ಲಿ ಬ್ಯುಟೇನ್ ಇರಲ್ಲ. ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ತೇವ ಇರುತ್ತೆ, ಅವನ್ನು ಮೊದಲೇ ತೆಗೀಬೇಕು. 200 ಬಾರ್ ಕಂಪ್ರೆಸರ್ ಒಂದು ಮನೆಗೆ ಭಾರ, 35 ಬಾರ್‌ನದ್ದು ಅಷ್ಟು ಭಾರವಲ್ಲ. ತುಂಬೋಕೆ ದುಬಾರಿ ಎಂಒಎಫೇ ಬೇಕಿಲ್ಲ. ತೆಂಗಿನ ಚಿಪ್ಪಿನಿಂದ ಒಳ್ಳೆ ರಂಧ್ರಗಳ ಇಂಗಾಲ ಆಗುತ್ತೆ, ತಿಪಟೂರಿನ ಸುತ್ತಮುತ್ತ ಚಿಪ್ಪಿಗೇನು ಬರ? ಕಡಿಮೆ ಗ್ಯಾಸ್ ಹಿಡಿದರೂ ನಡೆಯುತ್ತೆ, ಸಂಜೆ ಟ್ರ್ಯಾಕ್ಟರ್ ಮನೆಗೇ ಬರುತ್ತಲ್ಲ.

(ಮನೇಲಿ ಟ್ರೈ ಮಾಡೋಕೆ ಹೋಗಬೇಡಿ. 35 ಬಾರ್ ಕೂಡ ಆಟದ ಸಾಮಾನಲ್ಲ.)

ಮುಂದಿನ ಸಲ ಯಾರಾದರೂ ಸೆಮಿನಾರಲ್ಲಿ ಫುಟ್‌ಬಾಲ್ ಮೈದಾನದ ಸ್ಲೈಡ್ ಹಾಕಿದರೆ ಕೈ ಎತ್ತಿ ಮೂರು ಪ್ರಶ್ನೆ ಕೇಳಿ: ಒಂದು ಲೀಟರಿಗೆ ಎಷ್ಟು? 5 ಬಾರ್‌ಗೆ ಇಳಿದಾಗ ಹೊರಗೆ ಬರೋದೆಷ್ಟು? ಸಾವಿರ ಸಲ ತುಂಬಿಸಿದ ಮೇಲೆ ಎಷ್ಟು?

ಟ್ರ್ಯಾಕ್ಟರ್ ಐಡಿಯಾ ಒಪ್ಪಲ್ಲ ಅನ್ನೋರು ಕಮೆಂಟಿಗೆ ಬನ್ನಿ, ಲೆಕ್ಕ ಹಾಕಿಯೇ ಜಗಳ ಆಡೋಣ.

#ಮೀಥೇನ್ #ಎಂಒಎಫ್ #ಗೋಬರ್‌ಗ್ಯಾಸ್ #ಕನ್ನಡದಲ್ಲಿವಿಜ್ಞಾನ