ಮಗನಿಗೆ ಮಿಲಿಟರಿ ಪ್ಯಾಂಟ್ ಕೊಳ್ಳುವ ಮುನ್ನ

ಅಮೃತಾಪುರದಿಂದ ತರೀಕೆರೆಗೆ ಹಬ್ಬದ ಬಟ್ಟೆಗೆಂದು ಹೊರಟಿದ್ದೀರಾ? ಮಗ ಮಿಲಿಟರಿ ಬಣ್ಣದ ಕಾರ್ಗೋ ಪ್ಯಾಂಟ್ ಬೇಕೆಂದು ಹಠ ಹಿಡಿದರೆ ಗದರಬೇಡಿ, ಆರಿಸುವಾಗ ಜೊತೆಗಿರಿ.

2016ರ ಪಠಾಣ್‌ಕೋಟ್ ದಾಳಿಯ ಬಳಿಕ, ಸಮವಸ್ತ್ರ ಹೋಲುವ ಬಟ್ಟೆ ತೊಡಬೇಡಿರೆಂದು ಸೇನೆಯೇ ಜನರನ್ನು ಕೋರಿತ್ತು. ಸೈನಿಕನೆಂದು ನಂಬಿಸಲು ಅದನ್ನು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ 3 ತಿಂಗಳವರೆಗೆ ಸಜೆಯಾಗಬಹುದು. ನಿಮ್ಮ ಮಗನಿಗೆ ಆ ಉದ್ದೇಶವಿರದು. ಆದರೂ ರೈಲು ನಿಲ್ದಾಣದಲ್ಲಿ ತಡೆದು ಕೇಳಿದರೆ ಉತ್ತರಿಸಬೇಕಾದವನು ಅವನೇ.

ಹಸಿರು-ಕಂದು ಬಿಡಿ, 2022ರಲ್ಲಿ ಬಂದ ಸೇನೆಯ ಸಣ್ಣ ಚೌಕಗಳ ವಿನ್ಯಾಸವಂತೂ ಬೇಡವೇ ಬೇಡ. ಕಪ್ಪು-ಬಿಳಿ-ಬೂದು ಬಣ್ಣದ್ದು ಸಾಕು. ಮೇಲೆ ಇಸ್ತ್ರಿ ಮಾಡಿದ ಸಾದಾ ಬಿಳಿ ಶರ್ಟ್, ಕಾಲಿಗೆ ಕಪ್ಪು ಶೂ. ಪಕ್ಕದ ಜೇಬುಗಳು ಖಾಲಿಯಿದ್ದರೆ ಪ್ಯಾಂಟ್ ನೇರವಾಗಿ ಇಳಿಯುತ್ತದೆ. ಮಗನ ಆಸೆಯೂ ಈಡೇರಿತು, ನಿಮ್ಮ ನೆಮ್ಮದಿಯೂ ಉಳಿಯಿತು.